ಮೇಲಿನ ಒಂದು ರೂಪಾಯಿ

ನವೆಂಬರ್ ೩, ೨೦೨೫, ಸೋಮವಾರ
ಖಾನಾಪುರ

ಗುರು ಹೋಗಿ ಇಂದಿಗೆ ಹನ್ನೊಂದು ದಿನ. ಶಾಲೆಗೆ ಹೋದೆ. ಹಾಜರಿ ಕರೆದೆ, ಐದನೆಯ ತರಗತಿಗೆ ಭಿನ್ನರಾಶಿ ಹೇಳಿಕೊಟ್ಟೆ. ಮಕ್ಕಳು ಎಂದೂ ಇಲ್ಲದಷ್ಟು ಸುಮ್ಮನೆ ಕೂತಿದ್ದರು. ಟೀಚರ ತಮ್ಮ ತೀರಿಕೊಂಡಿದ್ದಾನೆ, ಗದ್ದಲ ಮಾಡಬೇಡಿ ಎಂದು ಹೆಡ್‌ಮಾಸ್ತರ್ ಬಾಳೇಶ ಸರ್ ಮೊದಲೇ ಹೇಳಿಟ್ಟಿರಬೇಕು. ಗದ್ದಲ ಮಾಡಿದ್ದರೆ ಒಳ್ಳೆಯದಿತ್ತು. ಸುಮ್ಮನಿರುವ ತರಗತಿಯಲ್ಲಿ ನನ್ನ ದನಿ ನನಗೇ ಕೇಳಿಸುತ್ತದೆ.

ಐವತ್ತೆರಡು ವರ್ಷದ ಮನುಷ್ಯ. ಬೆಳಗಾವಿಯ ರವಿವಾರ ಪೇಟೆಯ ತನ್ನ ಅಂಗಡಿಯಲ್ಲಿ, ಗಾದಿಯ ಮೇಲೆ ಕೂತು, ಗಿರಾಕಿಗೆ ಬೆಲ್ಲದ ಧಾರಣೆ ಹೇಳುತ್ತಿದ್ದವನು ಹಾಗೇ ಪಕ್ಕಕ್ಕೆ ವಾಲಿದನಂತೆ. ಆ ಗಿರಾಕಿ ಗುರುವಿನ ಮಣ್ಣಿಗೆ ಬಂದಿದ್ದ. 'ಧಾರಣಿ ಪೂರಾ ಹೇಳಲೇ ಇಲ್ಲರಿ' ಎಂದು ನನಗೆ ಎರಡು ಸಲ ಹೇಳಿದ. ಅವನಿಗೆ ಬೇರೆ ಏನು ಹೇಳಬೇಕೋ ತಿಳಿಯಲಿಲ್ಲ ಅನಿಸುತ್ತದೆ.

ನಾನು ಅತ್ತಿಲ್ಲ. ಬಂದ ಹೆಂಗಸರಿಗೆಲ್ಲ ಅದೇ ಒಂದು ವಿಷಯ. ಅವ್ವ ಹೋದಾಗ ಅವನಿಗೆ ಏಳು, ನನಗೆ ಹದಿನಾಲ್ಕು. ಅವನ ಸಲುವಾಗಿ ಅಕ್ಕ ಮದುವೆಯನ್ನೂ ಆಗಲಿಲ್ಲ ಎಂದು ಜನ ಹೇಳುತ್ತಾರೆ. ಅದು ಅರ್ಧ ಮಾತ್ರ ನಿಜ, ಬಂದ ವರಗಳೂ ಅಷ್ಟಕ್ಕಷ್ಟೇ ಇದ್ದವು. 'ಸಾಕಿದಾಕಿ ಕಣ್ಣಾಗ ಒಂದು ಹನಿ ಇಲ್ಲ ನೋಡವಾ' ಎಂದು ಒಬ್ಬಳು ಇನ್ನೊಬ್ಬಳಿಗೆ ಹೇಳಿದ್ದು ನನಗೆ ಕೇಳಿಸಿತು. ನನಗೂ ಅದು ಆಶ್ಚರ್ಯವೇ.

ಅನ್ನ, ಸಾರು ಮಾಡಿಕೊಂಡೆ. ರುಚಿ ಗೊತ್ತಾಗಲಿಲ್ಲ.

ನವೆಂಬರ್ ೪, ಮಂಗಳವಾರ

ಶಾಲೆ. ಮನೆ.

ನವೆಂಬರ್ ೧೨, ಬುಧವಾರ

ಊಟದ ಬಿಡುವಿನಲ್ಲಿ ಬಾಳೇಶ ಸರ್ ಕರೆದರು. ಮೇಜಿನ ಮೇಲೆ ಇಲಾಖೆಯ ಲಕೋಟೆ ಇತ್ತು. ಅವರೇ ಓದಿದರು. ಮೊದಲ ಸಾಲನ್ನು ಎತ್ತರದ ದನಿಯಲ್ಲಿ ಓದಿದವರು ಮೂರನೆಯ ಸಾಲಿಗೆ ಎದ್ದು ಬಾಗಿಲು ಮುಂದೆ ಮಾಡಿ ಬಂದರು.

ಸಾರಾಂಶ ಇಷ್ಟು. ಸಹಶಿಕ್ಷಕಿಯಾದ ನಾನು ೨೦೨೪-೨೫ರಲ್ಲಿ 'ಮಲಪ್ರಭಾ ಜನಪಕ್ಷ' ಎಂಬ ರಾಜಕೀಯ ಪಕ್ಷಕ್ಕೆ ೨೦,೦೦೧ ರೂಪಾಯಿ ದೇಣಿಗೆ ಕೊಟ್ಟಿದ್ದೇನೆ. ಆ ಪಕ್ಷ ಚುನಾವಣಾ ಆಯೋಗಕ್ಕೆ ಸಲ್ಲಿಸಿದ ದೇಣಿಗೆದಾರರ ಪಟ್ಟಿಯಲ್ಲಿ ನನ್ನ ಹೆಸರು, ಖಾನಾಪುರದ ವಿಳಾಸ, ಪ್ಯಾನ್ ಸಂಖ್ಯೆ ಎಲ್ಲವೂ ಇವೆ. ಸರ್ಕಾರಿ ನೌಕರರು ಯಾವ ಪಕ್ಷಕ್ಕೂ ಹಣ ಕೊಡುವಂತಿಲ್ಲ. ಮೇಲಾಗಿ ಅದೇ ವರ್ಷದ ಲೋಕಸಭಾ ಚುನಾವಣೆಯಲ್ಲಿ ನಾನು ಮತಗಟ್ಟೆಯ ಕೆಲಸ ಮಾಡಿದ್ದೇನೆ. ಯಾರೋ ಅರ್ಜಿ ಹಾಕಿದ್ದಾರೆ. ಹದಿನೈದು ದಿನದಲ್ಲಿ ಉತ್ತರ ಕೊಡಬೇಕು.

'ನೀವು ಇಂಥಾವರಲ್ಲ ಅಂತ ನನಗ ಗೊತ್ತೈತ್ರಿ ಟೀಚರ. ಬ್ಯಾರೆ ಯಾರೋ ಸಂಗವ್ವ ಇರಬೇಕು' ಎಂದರು.

'ಪ್ಯಾನ್ ನಂಬರು ನಂದೇ ಐತ್ರಿ ಸರ್' ಎಂದೆ.

ಅವರು ನನ್ನನ್ನೂ ಕಾಗದವನ್ನೂ ನೋಡಿದರು. 'ಫೆಬ್ರುವರಿ ಇಪ್ಪತ್ತೆಂಟಕ್ಕ ನಿಮ್ಮದು ರಿಟೈರ್‌ಮೆಂಟು. ಇದು ಬಗೀಹರೀದಿದ್ರ ಗ್ರಾಚ್ಯುಟಿ ಹಿಡಿದಿಡ್ತಾರ್ರಿ. ಮೂವತ್ನಾಕು ವರ್ಷದ ನೌಕರಿ' ಎಂದರು. ಅವರ ಕಣ್ಣಲ್ಲಿ ನೀರು ಬಂತು. ಎಲ್ಲರಿಗೂ ಸುಲಭವಾಗಿ ಬರುತ್ತದೆ.

ಆ ಹಣ ಬಂದರೆ ಈ ಬಾಡಿಗೆ ಮನೆಯನ್ನೇ ಕೊಳ್ಳುವ ಮಾತಾಗಿತ್ತು. ಒಡತಿ ಕಾಡವ್ವ ಮಾರ್ಚ್ ತನಕ ಕಾಯುತ್ತೇನೆ ಎಂದಿದ್ದಾಳೆ. ಗುರುವೇ ಬಂದು ಮಾತಾಡಿ ಹೋಗಿದ್ದ. ಹಿತ್ತಲಲ್ಲಿ ಒಂದು ನಿಂಬೆಗಿಡವನ್ನೂ ತಾನೇ ತಂದು ನೆಟ್ಟಿದ್ದ, ಮನೆ ಆಗಲೇ ನಮ್ಮದಾದ ಹಾಗೆ.

ಇದನ್ನೆಲ್ಲ ಬರೆಯುವಾಗ ಎದೆ ಹೊಡೆದುಕೊಳ್ಳಬೇಕಿತ್ತು. ಇಲ್ಲ. ಬೇರೆ ಯಾರದೋ ಕಾಗದ ನಕಲು ಮಾಡಿದಂತೆ ಇದೆ.

ನವೆಂಬರ್ ೧೬, ರವಿವಾರ
ಬೆಳಗಾವಿ

ಗುರುವಿನ ಮನೆಗೆ ಹೋದೆ. ಅವನ ಹೆಂಡತಿ ಪೂರ್ಣಿಮಾ ಬಾಗಿಲಲ್ಲೇ ಕೈ ಹಿಡಿದುಕೊಂಡು ಒಳಗೆ ಕರೆದಳು. ನಾಲ್ಕು ಕೆಜಿ ಇಳಿದಿದ್ದಾಳೆ. ಹಣೆಯ ವಿಭೂತಿ ಮೊದಲಿನ ಹಾಗೆಯೇ ಇದೆ. ಅವನು ಇದ್ದಾಗಲೂ ಈಗಲೂ ಒಂದೇ ರೀತಿ ಹಚ್ಚಿಕೊಳ್ಳುತ್ತಾಳೆ, ಅದು ನನಗೆ ಹಿಡಿಸಿತು.

ಅವನ ಮಗಳು ಸಾಕ್ಷಿ ಆ ಪಟ್ಟಿಯನ್ನು ಫೋನಿನಲ್ಲಿ ಹುಡುಕಿ ತೋರಿಸಿದಳು. ಯಾರು ಬೇಕಾದರೂ ನೋಡಬಹುದಂತೆ. ಹುಬ್ಬಳ್ಳಿಯವರು, ಧಾರವಾಡದವರು, ಸವದತ್ತಿಯವರು ಸೇರಿ ಇಪ್ಪತ್ತು ಮೂವತ್ತು ಹೆಸರು. ನಡುವೆ ನಾನು. ಚೆಕ್ಕಿನ ಸಂಖ್ಯೆಯೂ ಇತ್ತು.

'ಇದು ನಿಮ್ಮಿಬ್ಬರ ಜಂಟಿ ಖಾತೆದ್ದರಿ ಅಕ್ಕಾರ' ಎಂದಳು ಪೂರ್ಣಿಮಾ.

ಅಪ್ಪನ ಮನೆ ಮಾರಿದಾಗ ಬಂದ ಹಣಕ್ಕೆಂದು ತೆಗೆದ ಖಾತೆ ಅದು. ಮೊದಲ ಹೆಸರು ನನ್ನದು, ಎರಡನೆಯದು ಅವನದು, ಯಾರ ಸಹಿಯಾದರೂ ನಡೆಯುತ್ತದೆ. ಚೆಕ್‌ಬುಕ್ ಅವನ ಬಳಿಯೇ ಇರುತ್ತಿತ್ತು. ನಾನು ಆ ಬ್ಯಾಂಕಿನ ಮೆಟ್ಟಿಲು ಹತ್ತಿ ಆರು ವರ್ಷವಾಯಿತು.

ಪೂರ್ಣಿಮಾ ಅಂಗಡಿಯಿಂದ ತಂದಿಟ್ಟಿದ್ದ ಪಾವತಿಗಳ ತಂತಿಯನ್ನು ಮುಂದಿಟ್ಟಳು. ಕೊಟ್ಟ ದೇಣಿಗೆಯ ರಸೀದಿಗಳನ್ನೆಲ್ಲ ಗುರು ಅದಕ್ಕೆ ಚುಚ್ಚಿಡುತ್ತಿದ್ದ. ಮಠದ ದಾಸೋಹ, ನೆರೆ ಪರಿಹಾರ, ಯಾವುದೋ ಶಾಲೆಯ ಕಟ್ಟಡ, ಗಣೇಶನ ಹಬ್ಬದ ವಂತಿಗೆ. ಒಂದೊಂದಾಗಿ ಮಗುಚಿದೆವು. ಒಂದರಲ್ಲೂ ಅವನ ಹೆಸರಿಲ್ಲ. ಎಲ್ಲದರಲ್ಲೂ ಸಂಗವ್ವ, ಸಂಗವ್ವ, ಸಂಗವ್ವ. ಕೆಳಗಿನಿಂದ ನಾಲ್ಕನೆಯದು ಮಲಪ್ರಭಾ ಜನಪಕ್ಷದ್ದು.

'ನಿಮ್ಮ ಹೆಸರಿಗೇ ಯಾಕ ಮಾಡಿಸ್ತಿದ್ರು ಅಂತ ನಾ ಒಮ್ಮೆನೂ ಕೇಳಲಿಲ್ಲ ನೋಡ್ರಿ' ಎಂದಳು.

ಅದು ನಮ್ಮ ಅವ್ವನ ರೂಢಿ. ಕೊಟ್ಟವರು ತಮ್ಮ ಹೆಸರಿಗೆ ಪಾವತಿ ಮಾಡಿಸಬಾರದು, ಮನೆಯ ಇನ್ನೊಬ್ಬರ ಹೆಸರಿಗೆ ಮಾಡಿಸಬೇಕು. ಕೊಟ್ಟೆ ಅನ್ನುವುದು ತಲೆಗೆ ಏರಬಾರದು ಎಂದು. ನಾನು ಮಠಕ್ಕೆ ಕೊಟ್ಟದ್ದೆಲ್ಲ ಅವನ ಹೆಸರಿಗೆ, ಅವನು ಕೊಟ್ಟದ್ದೆಲ್ಲ ನನ್ನ ಹೆಸರಿಗೆ. ಮಠಕ್ಕೂ ಪಕ್ಷಕ್ಕೂ ವ್ಯತ್ಯಾಸ ಇದೆಯೆಂದು ಅವನಿಗೆ ಹೊಳೆದಿರಲಿಕ್ಕಿಲ್ಲ. ಅಕ್ಕ ಸರ್ಕಾರಿ ನೌಕರಳು ಎಂಬುದು ಅವನಿಗೆ ಹೆಮ್ಮೆಯ ಮಾತಾಗಿತ್ತೇ ಹೊರತು ನಿಯಮದ ಮಾತಾಗಿರಲಿಲ್ಲ.

ಹೊರಡುವಾಗ ಪೂರ್ಣಿಮಾ ಹೇಳಿದಳು: 'ಅಕ್ಕಾರ, ನನಗ ಗೊತ್ತಿಲ್ಲದಂಗ ತಮ್ಮ ಕೊಟ್ಟಾನ ಅಂತ ಬರದುಬಿಡ್ರಿ. ಸಹಿ ಅವರದೇ ಐತಿ. ಈಗ ಅವರಿಗೇನು ಆಗೂದೈತ್ರಿ?'

ಅವನ ಹೆಂಡತಿಯೇ ಹೇಳಿದಳಲ್ಲ. ಆತು ಎಂದೆ.

ನವೆಂಬರ್ ೧೭, ಸೋಮವಾರ

ಉತ್ತರ ಬರೆಯಲು ಕೂತೆ. 'ನನ್ನ ತಮ್ಮನಾದ ಗುರುಪುತ್ರಪ್ಪ ಇವನು ನನಗೆ ತಿಳಿಸದೆ, ನನ್ನ ಹೆಸರನ್ನು ದುರುಪಯೋಗಪಡಿಸಿಕೊಂಡು' ಎಂಬಲ್ಲಿಗೆ ಬಂದೆ. ಅಲ್ಲಿಗೇ ನಿಲ್ಲಿಸಿದೆ. ತಿಳಿಸದೆ ಎಂಬುದು ಸರಿಯೇ ಇದೆ. ದುರುಪಯೋಗ ಎಂಬ ಪದ ಇಲಾಖೆಗೆ ಬೇಕಾಗುತ್ತದೆ. ತಪ್ಪೇನಿಲ್ಲ. ನಾಳೆ ಮುಗಿಸಿದರಾಯಿತು.

ನವೆಂಬರ್ ೧೮

ಮುಗಿಸಲಿಲ್ಲ.

ನವೆಂಬರ್ ೨೩, ರವಿವಾರ

ನಂದಗಡಕ್ಕೆ ಹೋಗಿ ಬಂದೆ. ಆ ಪಕ್ಷದ ತಾಲೂಕು ಖಜಾಂಚಿ ಮೈಲಾರಲಿಂಗ, ಗುರುವಿನ ಹೈಸ್ಕೂಲು ಗೆಳೆಯ. ಪಂಪ್‌ಸೆಟ್ ಮೋಟರು ರಿಪೇರಿಯ ಅಂಗಡಿ ಇಟ್ಟಿದ್ದಾನೆ. ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಎಷ್ಟೋ ಸಲ ಉಂಡವನು. ಗುರು ನನಗೆ ಗೊತ್ತಿಲ್ಲದೆ ಕೊಟ್ಟ ಎಂದು ಇವನಿಂದ ಒಂದು ಮಾತು ಬರೆಸಿಕೊಂಡರೆ ಉತ್ತರಕ್ಕೆ ಬಲ ಬರುತ್ತದೆ ಎಂದು ಹೋದದ್ದು.

ನನ್ನನ್ನು ಕಂಡು ಗ್ರೀಸಿನ ಕೈ ಒರೆಸಿಕೊಂಡು ಸ್ಟೂಲು ಕೊಟ್ಟ. 'ಕುಂದರ್ರಿ ಅಕ್ಕಾರ. ಗುರು ಇದರ ಮ್ಯಾಲೇ ಕುಂತಿದ್ದ ಅವತ್ತು.'

ವಿಷಯ ಹೇಳಿದೆ. ಅವನ ಮುಖ ಸಪ್ಪಗಾಯಿತು. 'ನಾ ಅವಗ ಖರೇನ ಹೇಳಿದ್ದೆರಿ. ಇಪ್ಪತ್ತು ಸಾವಿರದ ತನಕ ಕೊಟ್ರ ಪಟ್ಟಿಯೊಳಗ ಹೆಸರು ಹೋಗಂಗಿಲ್ಲ. ಅದರ ಮ್ಯಾಲೆ ಒಂದು ರೂಪಾಯಿ ಆದ್ರೂ ಹೆಸರು, ವಿಳಾಸ, ಪ್ಯಾನು, ಚೆಕ್ ನಂಬರು ಎಲ್ಲಾ ದಿಲ್ಲಿಗೆ ಕಳಸಬೇಕು. ನೀ ಬರೇ ಇಪ್ಪತ್ತು ಬರಿ, ಸಾಕು, ಅಂದೆ.'

'ಮತ್ತ?'

'ಪೆನ್ ತೆರದು ಬರಿಯಾಕ ಹತ್ತಿದ. ಮತ್ತ ನಿಂತ. ನಿಮಗ ಫೋನ್ ಹಚ್ಚಿದನಲ್ಲರಿ.'

'ನನಗ?'

'ಹೌದ್ರಿ. ಇಲ್ಲೇ ಕುಂತು. ಸ್ಪೀಕರ್ ಇಟ್ಟಿದ್ದ. ನೀವು ಅವಗ ಬೈದ್ರಿ.' ಮೈಲಾರಲಿಂಗ ನಕ್ಕ. ನನ್ನ ಮುಖ ನೋಡಿ ನಗು ನಿಲ್ಲಿಸಿದ. 'ನೆನಪಿಲ್ಲೇನ್ರಿ?'

ನನಗೆ ನೆನಪಿಲ್ಲ. ಇಲ್ಲ ಎಂದೆ.

ಗುರು ಏಕೆ ಕೊಟ್ಟ ಎಂದು ಕೇಳಿದೆ. ಆ ಪಕ್ಷ ಗೆಲ್ಲುವುದಿಲ್ಲ ಎಂಬುದು ಅವನಿಗೂ ಗೊತ್ತಿರಲೇಬೇಕು. ವ್ಯಾಪಾರದವನು.

'ಗೆಲ್ಲಾಕಲ್ಲರಿ. ನಮ್ಮ ಕರಪತ್ರದಾಗ ಗುಂಜಿ ಭಾಗದ ಸಾಲಿಗೊಳಿಗೆ ಸಂಜೀ ಬಸ್ಸು ಅಂತ ಒಂದು ಬೇಡಿಕೆ ಇತ್ತು. ಅದನ್ನ ಓದಿದ. ನಮ್ಮಕ್ಕ ದಿನಾ ಸಂಜೀಕ ಅಡವಿ ದಂಡೀಲೆ ನಡೀತಾಳಪಾ, ಇದನ್ನ ಬರದವರಿಗೆ ಕೊಡಬೇಕು ಅಂದ. ಪ್ಯಾಟಿ ಮಂದಿ ಎಲ್ಲಾ ದೊಡ್ಡ ಪಾರ್ಟಿಗೆ ಕೈಯಾಗ ಕೊಡ್ತಾರ, ಪಾವತಿ ಇಲ್ಲ, ಹೆಸರಿಲ್ಲ. ಇವನೊಬ್ಬ ಚೆಕ್ ಕೊಟ್ಟ. ಇಡೀ ತಾಲೂಕಿನಿಂದ ನಮ್ಮ ಪಟ್ಟಿಯೊಳಗ ಇರೂದು ನಿಮ್ಮದೊಂದೇ ಹೆಸರು ನೋಡ್ರಿ.'

ಮೈಲಾರಲಿಂಗ ಪತ್ರ ಬರೆದುಕೊಡಲು ತಯಾರಿದ್ದ. 'ನೀವು ಹೇಳಿದಂಗ ಬರೀತೀನ್ರಿ, ಫೋನ್ ಮಾತು ಬಿಟ್ಟುಬಿಡೂಣು' ಎಂದ. ನಾಳೆ ಬರುತ್ತೇನೆ ಎಂದು ಬಂದೆ. ನಾಳೆ ಶಾಲೆ ಇದೆ, ಹೋಗಲಾರೆ. ಅದು ನನಗೂ ಗೊತ್ತಿತ್ತು.

ನವೆಂಬರ್ ೨೫, ಮಂಗಳವಾರ

ಸಂಜೆ ಶಾಲೆ ಬಿಟ್ಟು, ಖಾನಾಪುರದ ಬಸ್ಸು ಹಿಡಿಯಲು ಗುಂಜಿಯ ಕಡೆಗೆ ನಡೆಯುತ್ತಿದ್ದೆ. ಎರಡೂವರೆ ಕಿಲೋಮೀಟರು, ಹನ್ನೆರಡು ವರ್ಷದಿಂದ ನಡೆಯುತ್ತಿರುವ ದಾರಿ. ರೈಲು ಗೇಟಿನ ಹತ್ತಿರ ಆ ಫೋನು ನೆನಪಾಯಿತು.

ಶಾಲೆಯ ಬಿಸಿಯೂಟದ ಕಟ್ಟೆಯ ಬಳಿ ನಿಂತಿದ್ದೆ. ಮಕ್ಕಳಿಗೆ ಬಡಿಸುವ ಮೊದಲು ಒಬ್ಬ ಟೀಚರು ರುಚಿ ನೋಡಿ ವಹಿಯಲ್ಲಿ ಸಹಿ ಮಾಡಬೇಕು, ಆ ದಿನ ನನ್ನ ಪಾಳಿ. ಕೈಯಲ್ಲಿ ಸಾರಿನ ಬಟ್ಟಲು. ಫೋನು ಬಂತು.

'ಅಕ್ಕಾ, ಮೈಲಾರಿ ಪಾರ್ಟಿಗೆ ಇಪ್ಪತ್ತು ಸಾವಿರ ಕೊಡಾಕತ್ತೇನಿ. ನಿನ್ನ ಹೆಸರಿಗೆ.'

'ಬರೇ ಇಪ್ಪತ್ತು ಕೊಡತಾರೇನೋ? ಮ್ಯಾಲೊಂದು ರೂಪಾಯಿ ಹಚ್ಚು. ಎಷ್ಟು ಸಲ ಹೇಳಬೇಕು ನಿನಗ?'

'ಇಂವ ಬ್ಯಾಡ ಅಂತಾನವಾ.'

'ಅಂವಗೇನ್ ತಿಳೀತೈತಿ. ಹಚ್ಚು.'

ಫೋನು ಇಟ್ಟೆ. ಅಡುಗೆಯ ಸಾವಂತ್ರವ್ವನಿಗೆ ಸಾರಿಗೆ ಉಪ್ಪು ಕಡಿಮೆಯಾಗಿದೆ ಎಂದೆ. ವಹಿಯಲ್ಲಿ ಸಹಿ ಮಾಡಿದೆ.

ಇಷ್ಟೇ. ಅರ್ಧ ನಿಮಿಷವೂ ಇಲ್ಲ. ಪಾರ್ಟಿ ಎಂದು ಸ್ಪಷ್ಟವಾಗಿ ಹೇಳಿದ್ದ. ನಾನು ಕೇಳಿಸಿಕೊಂಡಿದ್ದೆ. ಪ್ರತಿವರ್ಷ ಆಸ್ತಿಪಟ್ಟಿ ಸಲ್ಲಿಸುವ, ನಿಯಮದ ಪುಸ್ತಕ ಓದಿರುವ, ಹೊಸ ಟೀಚರುಗಳಿಗೆ ಅದನ್ನು ಹೇಳಿಕೊಡುವ ನಾನು ಕೇಳಿಸಿಕೊಂಡೂ ಒಂದು ರೂಪಾಯಿಯ ಬಗ್ಗೆ ಬೈದೆ.

ಗೇಟು ಹಾಕಿತ್ತು. ಗೂಡ್ಸ್ ಗಾಡಿ ಹೋಗುವ ತನಕ ನಿಂತಿದ್ದೆ. ಗೇಟು ತೆಗೆದ ಮೇಲೂ ನಿಂತಿದ್ದೆನಂತೆ. ಗೇಟಿನವನು ಕೂಗಿದ.

ನವೆಂಬರ್ ೨೬, ಬುಧವಾರ

ತಮ್ಮನ ಮರಣದ ಕಾರಣ ಕಾಲಾವಕಾಶ ಬೇಕು, ಖುದ್ದಾಗಿ ಹೇಳಿಕೆ ಕೊಡುತ್ತೇನೆ ಎಂದು ಎರಡು ಸಾಲು ಬರೆದು ಬಾಳೇಶ ಸರ್ ಕೈಗೆ ಕೊಟ್ಟೆ.

ಇನ್ನೊಂದು ನೆನಪು, ಬರೆದಿಡುತ್ತೇನೆ. ಅವ್ವ ತೀರಿಕೊಂಡ ವರ್ಷದ ಆರಾಧನೆಗೆ ಮಠಕ್ಕೆ ಕೊಡಲು ಅಪ್ಪ ಗುರುವಿನ ಕೈಗೆ ಹತ್ತು ರೂಪಾಯಿಯ ನೋಟು ಕೊಟ್ಟಿದ್ದ. ಅಷ್ಟೇ ಒಯ್ಯುತ್ತಿದ್ದ. ನಾನು ಬೀದಿಯ ತುದಿಯ ತನಕ ಓಡಿ ಹಿಡಿದು ಒಂದು ರೂಪಾಯಿ ಕೊಟ್ಟೆ. ಯಾಕೆ ಎಂದು ಕೇಳಿದ. ಅವ್ವ ಹೇಳುತ್ತಿದ್ದುದನ್ನೇ ಹೇಳಿದೆ: ಬರೀ ಹತ್ತು ಕೊಟ್ಟರೆ ಅಲ್ಲಿಗೆ ಮುಗಿಯಿತು ಅಂದ ಹಾಗೆ, ಮೇಲೊಂದು ಇಟ್ಟರೆ ಇನ್ನೂ ಐತಿ ಅಂದ ಹಾಗೆ. ಅವನು ಆ ರೂಪಾಯಿಯನ್ನು ನೋಟಿನಲ್ಲಿ ಸುತ್ತಿ ಮುಷ್ಟಿ ಬಿಗಿ ಮಾಡಿಕೊಂಡು ಹೋದ. ಅಂದಿನಿಂದ ಯಾರಿಗೆ ಏನು ಕೊಡುವುದಿದ್ದರೂ ನನ್ನನ್ನು ಕೇಳುತ್ತಿದ್ದ. ಐವತ್ತು ವರ್ಷ ದಾಟಿದ ಮೇಲೂ.

ಡಿಸೆಂಬರ್ ೧೮, ಗುರುವಾರ
ಬೆಳಗಾವಿ

ವಿಚಾರಣಾಧಿಕಾರಿ ಪ್ರಮಿಳಾ ಮೇಡಮ್ ಅವರ ಮುಂದೆ ಹಾಜರಾದೆ. ವಿಧಾನಸಭೆಯ ಅಧಿವೇಶನದ ಗದ್ದಲದಲ್ಲಿ ಬಸ್ಸು ಎಲ್ಲೆಲ್ಲೋ ಸುತ್ತಿ ಬಂತು, ಮುಕ್ಕಾಲು ಗಂಟೆ ತಡವಾಯಿತು. ಮೇಡಮ್ ಬೈಯಲಿಲ್ಲ. ಚಹಾ ತರಿಸಿದರು. ನನಗಿಂತ ಹತ್ತು ವರ್ಷ ಚಿಕ್ಕವರು.

'ಟೀಚರ, ಕೇಸು ಸಣ್ಣದೈತ್ರಿ. ನಾನೇ ಹೇಳ್ತೀನಿ, ನೀವು ಬರೀರಿ. ಚೆಕ್ಕಿಗೆ ನಿಮ್ಮ ಸಹಿ ಇಲ್ಲ. ನನಗೇನೂ ಗೊತ್ತಿಲ್ಲ, ತಮ್ಮ ಮಾಡ್ಯಾನ, ಅಂವ ಈಗ ಇಲ್ಲ, ಮುಗೀತು. ಇಲ್ಲೇ ಫೈಲ್ ಮುಚ್ಚತೀನಿ. ಫೆಬ್ರುವರಿಗೆ ಎಲ್ಲಾ ರೊಕ್ಕ ಕೈಗೆ ಬರತೈತಿ.'

'ಗೊತ್ತಿತ್ತು ಅಂದ್ರ?'

ಅವರು ಕಪ್ಪು ಕೆಳಗಿಟ್ಟರು. 'ಅಂದ್ರ ನಾ ಮ್ಯಾಲೆ ಕಳಸಬೇಕಾಗತೈತಿ. ಎಂದ ಮುಗೀತೈತಿ ಹೇಳಾಕ ಬರಂಗಿಲ್ಲ. ವರ್ಷ, ಎರಡು ವರ್ಷ. ಪಗಾರದಾಗ, ಪಿಂಚಣಿಯಾಗ ಕಡಿತ ಆದ್ರೂ ಆಗಬಹುದು. ಯಾಕ ಬೇಕ್ರಿ ನಿಮಗ? ಸತ್ತವರಿಗೆ ನೋಟೀಸ್ ಹೋಗಂಗಿಲ್ಲ.'

ಒಳ್ಳೆಯ ಹೆಂಗಸು. ನನ್ನ ಒಳ್ಳೆಯದಕ್ಕೇ ಹೇಳಿದರು. ಪೂರ್ಣಿಮಾ, ಬಾಳೇಶ ಸರ್, ಮೈಲಾರಲಿಂಗ ಎಲ್ಲರೂ ನನ್ನ ಒಳ್ಳೆಯದಕ್ಕೇ ಹೇಳುತ್ತಿದ್ದಾರೆ. ಜನವರಿ ಹನ್ನೆರಡಕ್ಕೆ ಲಿಖಿತ ಹೇಳಿಕೆ ತರಲು ಹೇಳಿದರು.

ಡಿಸೆಂಬರ್ ೨೫, ಗುರುವಾರ
ಬೆಳಗಾವಿ

ಶಾಲೆಗೆ ರಜೆ. ಪೂರ್ಣಿಮಾ ಹೋದ ವಾರದಿಂದ ಅಂಗಡಿ ತೆರೆಯುತ್ತಿದ್ದಾಳೆ. ಮಧ್ಯಾಹ್ನ ಅವಳು ಊಟಕ್ಕೆ ಹೋದಾಗ ಗಾದಿಯ ಮೇಲೆ ನಾನು ಕೂತೆ. ಅವನು ಒರಗುತ್ತಿದ್ದ ಕಡೆ ಗೋಡೆಗೆ ಎಣ್ಣೆಯ ಕಲೆ ಹಾಗೇ ಇದೆ. ಒರಗಲಿಲ್ಲ, ನೆಟ್ಟಗೆ ಕೂತೆ.

ಆ ಗಿರಾಕಿ ಬಂದ, ಮಣ್ಣಿಗೆ ಬಂದಿದ್ದವನು. ಹಳ್ಳಿಯಲ್ಲಿ ಕಿರಾಣಿ ಅಂಗಡಿ ಇಟ್ಟವನು. ನನ್ನನ್ನು ಅಲ್ಲಿ ಕಂಡು ಬಾಗಿಲಲ್ಲೇ ನಿಂತ. ಆಮೇಲೆ ಮೆಲ್ಲಗೆ ಕೇಳಿದ:

'ಬೆಲ್ಲ ಹ್ಯಾಂಗ್ರಿ?'

ಪೂರ್ಣಿಮಾ ಚೀಟಿ ಬರೆದಿಟ್ಟಿದ್ದಳು. ದೊಡ್ಡ ಪೆಂಟೆಯ ಧಾರಣೆ, ಸಣ್ಣ ಅಚ್ಚಿನ ಧಾರಣೆ, ಹತ್ತರ ಮೇಲೆ ಕೊಂಡರೆ ಎಷ್ಟು ಬಿಡುವುದು, ಎಲ್ಲ ಓದಿ ಹೇಳಿದೆ. ಕೊನೆಯ ತನಕ. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಕೇಳಿದ, ಪುರಾಣ ಕೇಳುವವನ ಹಾಗೆ. 'ತುಟ್ಟಿ ಆತರಿ' ಎಂದ. 'ಆಗಲಿಲ್ಲ, ಬೇಕಾದ್ರ ತಗೋರಿ' ಎಂದೆ. ಎರಡು ಪೆಂಟೆ ಒಯ್ದ.

ಜನವರಿ ೧, ೨೦೨೬, ಗುರುವಾರ

ಪ್ರತಿವರ್ಷ ಡೈರಿ ಗುರು ತಂದುಕೊಡುತ್ತಿದ್ದ, ಯಾವುದೋ ಬೆಲ್ಲದ ಕಂಪನಿಯವರು ಕೊಟ್ಟದ್ದು. ಈ ಸಲ ಖಾನಾಪುರದ ಸ್ಟೇಷನರಿ ಅಂಗಡಿಯಲ್ಲಿ ನಾನೇ ಕೊಂಡೆ. ನೂರಾ ಎಂಬತ್ತು ಹೇಳಿದ. ನೂರಾ ಐವತ್ತಕ್ಕೆ ಕೇಳಿ ತಂದೆ. ಕಾಗದ ಪರವಾಗಿಲ್ಲ.

ಹಿಂದಿನ ಡೈರಿಯಲ್ಲಿ ಅರ್ಧ ಬರೆದಿಟ್ಟಿದ್ದ ಉತ್ತರದ ಹಾಳೆ ಇತ್ತು. 'ದುರುಪಯೋಗಪಡಿಸಿಕೊಂಡು' ಎಂಬಲ್ಲಿಗೆ ನಿಂತದ್ದು. ಒಲೆಗೆ ಹಾಕಲು ಈಗ ಒಲೆ ಎಲ್ಲಿದೆ, ಗ್ಯಾಸು. ಹರಿದು ನಿಂಬೆಗಿಡದ ಬುಡಕ್ಕೆ ಹಾಕಿದೆ.

ಜನವರಿ ೧೨, ಸೋಮವಾರ
ಬೆಳಗಾವಿ

ಹೇಳಿಕೆ ಕೊಟ್ಟೆ. ಒಂದೇ ಪುಟ. ಅದರ ಪ್ರತಿಯನ್ನು ಇಲ್ಲಿ ಇಳಿಸುತ್ತೇನೆ.

'ಸದರಿ ಚೆಕ್ಕಿಗೆ ಸಹಿ ಮಾಡಿದವನು ನನ್ನ ತಮ್ಮ. ಖಾತೆ ನಮ್ಮಿಬ್ಬರದು. ಹಣ ರಾಜಕೀಯ ಪಕ್ಷಕ್ಕೆ, ನನ್ನ ಹೆಸರಿನಲ್ಲಿ ಎಂದು ಅವನು ನನಗೆ ಫೋನಿನಲ್ಲಿ ಮೊದಲೇ ತಿಳಿಸಿದ್ದನು. ನಾನು ಬೇಡವೆನ್ನಲಿಲ್ಲ. ಅವನಿಗೆ ನಿಯಮ ತಿಳಿದಿರಲಿಲ್ಲ, ನನಗೆ ತಿಳಿದಿತ್ತು. ಅವನು ಇಪ್ಪತ್ತು ಸಾವಿರ ಮಾತ್ರ ಬರೆಯುವವನಿದ್ದನು. ಮೇಲಿನ ಒಂದು ರೂಪಾಯಿ ಸೇರಿಸಲು ಹೇಳಿದವಳು ನಾನು. ಅವನು ನನ್ನ ಹೆಸರನ್ನು ದುರುಪಯೋಗಪಡಿಸಿಕೊಂಡಿಲ್ಲ.'

ಪ್ರಮಿಳಾ ಮೇಡಮ್ ಎರಡು ಸಲ ಓದಿದರು. 'ಈ ರೂಪಾಯಿ ಸಾಲು ಯಾಕ್ರಿ? ಇದನ್ನ ಯಾರೂ ನಿಮ್ಮನ್ನ ಕೇಳಿಲ್ಲ. ತಗೀರಿ ಟೀಚರ, ಇನ್ನೂ ವ್ಯಾಳ್ಯಾ ಐತಿ.'

'ಇರಲಿರಿ.'

'ಮನಿ ತಗೋಬೇಕು ಅಂದಿದ್ರಿ ನೀವು.'

'ಅಂದಿದ್ದೆರಿ.'

ಅವರು ಸೀಲು ಹೊಡೆಯಲು ಗುಮಾಸ್ತನನ್ನು ಕರೆದರು. ನನ್ನ ಹೆಸರು ಬರೆದು ಸಹಿ ಮಾಡಿದೆ.

ಹೊರಗೆ ಬಂದಾಗ ಹಸಿವಾಗಿತ್ತು. ರವಿವಾರ ಪೇಟೆಗೆ ನಡೆದು ಹೋಗಿ ಪೂರ್ಣಿಮಾಳ ಡಬ್ಬಿಯಲ್ಲಿ ಅರ್ಧ ರೊಟ್ಟಿ ತಿಂದೆ. ಹೇಳಿಕೆಯಲ್ಲಿ ಬರೆದದ್ದನ್ನು ಅವಳಿಗೆ ಹೇಳಿದೆ. ಅವಳು ಮೊದಲು ಸಿಟ್ಟಾದಳು, 'ಅಕ್ಕಾರ, ನಿಮಗ ತಲಿ ಕೆಟ್ಟೈತೇನ್ರಿ' ಎಂದಳು. ಆಮೇಲೆ ಬಹಳ ಹೊತ್ತು ತಂತಿಯ ಪಾವತಿಗಳನ್ನು ಸರಿ ಮಾಡುತ್ತ ಕೂತಳು.

ಫೆಬ್ರುವರಿ ೯, ಸೋಮವಾರ

ಕಾಡವ್ವನಿಗೆ ಹೇಳಿದೆ, ಮಾರ್ಚಿಗೆ ಹಣ ಆಗುವುದಿಲ್ಲ ಎಂದು. ಅವಳಿಗೂ ಮಗಳ ಬಾಣಂತನದ ಖರ್ಚಿದೆ, ಬೇರೆಯವರಿಗೆ ಮಾತು ಕೊಡುತ್ತಾಳಂತೆ. ತಪ್ಪಲ್ಲ. 'ಲಿಂಬಿಗಿಡ ಬೇಕಾದ್ರ ಕಿತ್ಕೊಂಡು ಹೋಗ್ರಿ' ಎಂದಳು. ಹೂ ಬಿಟ್ಟ ಗಿಡವನ್ನು ಕೀಳುತ್ತಾರೆಯೇ? ಅವಳಿಗೆ ಬೈದೆ. ದಿನಾ ನೀರು ಹಾಕಲು ಹೇಳಿದೆ.

ಪೂರ್ಣಿಮಾ ಅಂಗಡಿಯ ಮೇಲಿನ ಖೋಲಿ ತೊಳೆಸಿದ್ದಾಳೆ. ಬಂದು ಇಲ್ಲೇ ಇರಿ ಎನ್ನುತ್ತಾಳೆ. ಹೋಗುತ್ತೇನೆ.

ಫೆಬ್ರುವರಿ ೨೮, ಶನಿವಾರ

ನಿವೃತ್ತಿ. ನಿನ್ನೆ ಆದೇಶವೂ ಬಂತು: ವಿಚಾರಣೆ ಮುಂದುವರಿಯುತ್ತದೆ, ಗ್ರಾಚ್ಯುಟಿ ತಡೆಹಿಡಿಯಲಾಗಿದೆ, ಸದ್ಯಕ್ಕೆ ತಾತ್ಕಾಲಿಕ ಪಿಂಚಣಿ. ಬಾಳೇಶ ಸರ್ ಸಮಾರಂಭದ ಮೊದಲು ತೋರಿಸಬೇಕೋ ಆಮೇಲೆ ತೋರಿಸಬೇಕೋ ಎಂದು ಒದ್ದಾಡಿ ಎಲ್ಲರೂ ಇದ್ದಾಗಲೇ ಕೊಟ್ಟರು, ಪಾಪ.

ಶಾಲು, ಹಾರ, ಭಾಷಣ. ನನಗೂ ಮಾತಾಡಲು ಹೇಳಿದರು. ಭಿನ್ನರಾಶಿಯನ್ನು ಮುಂದೆ ಬರುವ ಟೀಚರು ಇನ್ನೊಮ್ಮೆ ಹೇಳಿಕೊಡಬೇಕು, ಛೇದ ಈ ಮಕ್ಕಳ ತಲೆಗೆ ಹೋಗಿಲ್ಲ ಎಂದೆ. ಮಕ್ಕಳು ನಕ್ಕರು. ಸಾವಂತ್ರವ್ವ ಅಡುಗೆ ಬಿಟ್ಟು ಬಂದು ಬಾಗಿಲಲ್ಲಿ ನಿಂತಿದ್ದಳು.

ಕೊನೆಗೆ ಎಲ್ಲ ಟೀಚರುಗಳ ಪರವಾಗಿ ಒಂದು ಲಕೋಟೆ ಕೊಟ್ಟರು. ಅಂಗಡಿಯಲ್ಲಿ ಸಿಗುತ್ತವಲ್ಲ, ಮೇಲೆ ಒಂದು ರೂಪಾಯಿಯ ನಾಣ್ಯ ಅಂಟಿಸಿದಂಥವು. ಬಾಳೇಶ ಸರ್ ಕೈಯಿಂದ ನನ್ನ ಕೈಗೆ ಬರುವಾಗ ನೋಡಿದರೆ ನಾಣ್ಯ ಇರಲಿಲ್ಲ. ಗೋಂದಿನ ಗುರುತು ಮಾತ್ರ ಇತ್ತು.

'ಏ, ರೂಪಾಯಿ ಬಿದ್ದೈತಿ!' ಎಂದರು ಸರ್.

'ಇರಲಿ ಬಿಡ್ರಿ ಸರ್' ಎನ್ನಬೇಕಿತ್ತು. ಆದರೆ ನಾನು ಹಾರ ಹಾಕಿಕೊಂಡೇ ನೆಲಕ್ಕೆ ಕೂತೆ. ಬೆಂಚಿನ ಕೆಳಗೆ ಕೈ ಆಡಿಸಿದೆ. ನನ್ನನ್ನು ನೋಡಿ ಮಕ್ಕಳೂ ಕೂತರು, ಟೀಚರುಗಳೂ ಕೂತರು, ಬಾಳೇಶ ಸರ್ ಧೋತರ ಎತ್ತಿ ಕಟ್ಟಿ ಮೇಜಿನ ಕೆಳಗೆ ಹೊಕ್ಕರು. ಇಡೀ ಶಾಲೆ ನೆಲದ ಮೇಲೆ ಒಂದು ರೂಪಾಯಿ ಹುಡುಕುತ್ತಿತ್ತು. ಎಂಥ ಗದ್ದಲ!

ಮೂರನೆಯ ತರಗತಿಯ ಮಾಯಾ ಎಂಬ ಹುಡುಗಿಗೆ ಸಿಕ್ಕಿತು. ಗೋಡೆಯ ಬಿರುಕಿನಲ್ಲಿತ್ತಂತೆ. ನನ್ನ ಅಂಗೈಯಲ್ಲಿಟ್ಟು ನನ್ನ ಬೆರಳುಗಳನ್ನು ತಾನೇ ಮಡಚಿದಳು. 'ಗಟ್ಟಿ ಹಿಡಕೋರಿ ಟೀಚರ, ಮತ್ತ ಬೀಳತೈತಿ' ಎಂದಳು.

ಅಲ್ಲೇ ಅತ್ತೆ. ನೆಲದ ಮೇಲೆ ಕೂತು, ಮುಷ್ಟಿ ಬಿಗಿ ಹಿಡಿದುಕೊಂಡು, ದನಿ ತೆಗೆದು ಅತ್ತೆ. ನೌಕರಿ ಮುಗಿಯಿತೆಂದು ಅಳುತ್ತಿದ್ದಾರೆ ಎಂದು ಯಾರೋ ಅಂದರು. ಹೌದು ಎಂದುಕೊಂಡು ಎಲ್ಲರೂ ತಮ್ಮ ತಮ್ಮ ಕಣ್ಣು ಒರೆಸಿಕೊಂಡರು. ಸಾವಂತ್ರವ್ವ ಬಂದು ನನ್ನ ಮುಖವನ್ನು ಸೆರಗಿನಿಂದ ಒರೆಸಿದಳು. ಅದಕ್ಕೆ ಒಗ್ಗರಣೆಯ ವಾಸನೆ ಇತ್ತು.

ಸಂಜೆ ಕೊನೆಯ ಸಲ ಗುಂಜಿಯ ತನಕ ನಡೆದೆ. ಕರಪತ್ರದ ಆ ಸಂಜೆ ಬಸ್ಸು ಇನ್ನೂ ಶುರುವಾಗಿಲ್ಲ. ಅದರ ಬಗ್ಗೆ ಮೈಲಾರಲಿಂಗನನ್ನು ಕೇಳಬೇಕು. ನಾನೀಗ ನೌಕರಳಲ್ಲ, ಬಸ್ಸು ಕೇಳುವ ಅರ್ಜಿಗೆ ನನ್ನ ಹೆಸರಿನಲ್ಲೇ ಸಹಿ ಹಾಕಬಹುದು.

ಮನೆಗೆ ಬಂದು ಅನ್ನ, ಸಾರು ಮಾಡಿಕೊಂಡೆ. ಉಪ್ಪು ಜಾಸ್ತಿಯಾಗಿತ್ತು. ಎರಡು ಸಲ ಬಡಿಸಿಕೊಂಡೆ.